ಹಸೆ ಹಾಡಿಗೆ ಬೇಕಾದಷ್ಟು ಚಾರ್ಜು

ಆವತ್ತು ನಾನು ಪತ್ರೊಡೆಗೆ ಹಿಟ್ಟು ಸವರುತ್ತಾ ಕೂತಿದ್ದೆ. ಕೆಸುವಿನ ಎಲೆ ಮಗುಚಿ ಹಾಕಿ, ದಪ್ಪ ನಾರು ಹೆರೆದು, ಅಕ್ಕಿ ಮಸಾಲೆಯ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಾಗಿದ್ದವು. ಅಂಥ ಹೊತ್ತಿಗೇ ಫೋನು ಬಡಿದುಕೊಳ್ಳಬೇಕೇ! ಮೈಸೂರಿನಿಂದ ನಾದಿನಿ. ತೆಗೆಯದಿದ್ದರೆ ನಿಲ್ಲಿಸುವವಳಲ್ಲ. ಬಗ್ಗಿ ಮೂಗಿನ ತುದಿಯಿಂದ ಒತ್ತಿದೆ. ದೇವರು ಮನುಷ್ಯರಿಗೆ ಮೂಗನ್ನು ಮುಂದಕ್ಕೆ ಇಟ್ಟದ್ದು ಎಷ್ಟು ಅನುಕೂಲ ಅಂತ ಆವತ್ತು ಅನ್ನಿಸಿತು.

"ಅತ್ತಿಗೆ, ಕೂತ್ಕೊಂಡಿದೀರಾ?"

"ಕೂತೇ ಇದೀನಿ, ಎಲೆ ಮುಂದೆ."

"ಮಗಳ ಮದ್ವೆ ಗಟ್ಟಿಯಾಯ್ತು! ಶ್ರಾವಣದಲ್ಲೇ ಮುಹೂರ್ತ. ಛತ್ರಾನೂ ಸಿಕ್ತು!"

ನಾನು ಕೂಗಿದ ಕೂಗಿಗೆ ಜಗಲಿಯಲ್ಲಿ ಕೂತಿದ್ದ ಅತ್ತೆ ಹೆದರಿ, "ಎಂತದೇ ಅದು, ಹಾವು ಬಂತನೇ?" ಅಂದರು. ಹಾವಲ್ಲ ಅತ್ತೆ, ಮೊಮ್ಮಗಳ ಮದುವೆ ಅಂದೆ. ಅವರು ಕೂತಲ್ಲೇ ಮನೆದೇವರಿಗೆ ಕೈ ಮುಗಿದರು. ಮುಗಿದ ಕೈ ಮೆಲ್ಲಗೆ ಸೊಂಟದ ಮೇಲೆ ಹೋಯಿತು. ಫೋನಿನ ಆ ಕಡೆ ನಾದಿನಿ, "ಅಮ್ಮ ಹೇಗಿದಾಳೆ?" ಅಂದಳು. ಇಬ್ಬರ ತಲೆಯಲ್ಲೂ ಬಂದದ್ದು ಒಂದೇ ಮಾತು ಅಂತ ನನಗೂ ಗೊತ್ತಾಯಿತು.

ಅತ್ತೆ ಯುಗಾದಿ ಕಳೆದ ಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಕೋಲು ಹಿಡಿದು ಬಚ್ಚಲವರೆಗೆ ನಡೆಯುವಷ್ಟಾಗಿತ್ತು. ಬಣಕಲ್‌ನಿಂದ ಮೈಸೂರಿನವರೆಗೆ ಈ ತಿರುವು, ಈ ಹೊಂಡಗಳ ಮೇಲೆ ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ಬೇಡವೇ ಬೇಡ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ನಮ್ಮ ಮನೆತನದಲ್ಲಾದರೆ ಮದುಮಗಳನ್ನು ಹಸೆಮಣೆಯ ಮೇಲೆ ಕೂರಿಸುವಾಗ ಹಾಡು ಹೇಳುವುದು ಅತ್ತೆಯೇ. ಅವರ ಅತ್ತೆಯಿಂದ ಅವರಿಗೆ ಬಂದ ಹಾಡು. ನಾನು ಈ ಮನೆಗೆ ಬಂದದ್ದೂ ಅದನ್ನು ಕೇಳಿಸಿಕೊಂಡೇ. ಹಸೆಯ ಹತ್ತಿರ ನಿಂತು ಗಡಗಡ ನಡುಗುತ್ತಿದ್ದ ನನಗೆ, ಆ ದನಿ ಕೇಳಿದ ಮೇಲೆ ಕಾಲು ತಾನಾಗಿ ಮಡಚಿಕೊಂಡಿತ್ತು.

ಸ್ಪೀಕರಿನಲ್ಲಿ ನಾದಿನಿ ಅತ್ತೆಗೆ ಮೆಲ್ಲಗೆ ಹೇಳಿದಳು. "ಅಮ್ಮಾ, ನಿನ್ನ ಹಾಡು ರೆಕಾರ್ಡ್ ಮಾಡಿ ಕಳಿಸ್ತೀಯಾ? ಹಸೆ ಹೊತ್ತಿಗೆ ಹಾಕ್ತೀವಿ."

"ಹುಡುಗಿ ಎದುರಿಗಿಲ್ದೆ ಹಸೆ ಹಾಡು ಹೇಳ್ತಾರೇನೇ? ಖಾಲಿ ಮಣೆಗೆ ಹಾಡ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ?" ಅತ್ತೆಯ ದನಿ ಗಟ್ಟಿಯಾಯಿತು. "ನಾನು ಬರಕ್ಕಾಗ್ದೆ ಇದ್ರೆ ಹಾಡಿಲ್ದೇ ಕೂರ್ಸಿ. ಕಾಲ ಬಂದಂಗೆ ಆಗ್ಲಿ."

ಹಾಗೆ ಹೇಳಿ ಮುಖವನ್ನು ರಸ್ತೆ ಕಡೆ ತಿರುಗಿಸಿದರು. ಅವತ್ತಿನ ಪತ್ರೊಡೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಪಕ್ಕದ ಮನೆಯವರು ಎರಡು ಸಲ ಕೇಳಿ ಹಾಕಿಸಿಕೊಂಡರು. ಅತ್ತೆ ಮಾತ್ರ ಒಂದೇ ಚೂರು ತಿಂದು ಕೈ ತೊಳೆದರು.

ಉಪಾಯ ಹುಡುಕಿದ್ದು ನಾದಿನಿಯೇ. ಹುಡುಗಿ ಎದುರಿಗಿರಬೇಕು ತಾನೇ, ಇರುತ್ತಾಳೆ, ಪರದೆಯ ಮೇಲೆ! ಅತ್ತೆಗೆ ಕಣ್ಣಿನ ಪೊರೆ. ಫೋನಿನಲ್ಲಿ ಮುಖಗಳೆಲ್ಲ ಹುರಿಗಡಲೆ ಕಾಳಿನ ಹಾಗೆ ಕಾಣುತ್ತವೆ ಅನ್ನುತ್ತಿದ್ದರು. ಅದಕ್ಕೇ ದೊಡ್ಡ ಪರದೆಯ ಟ್ಯಾಬು ಕಳಿಸಿದಳು. ನಮ್ಮನೆಯವರು ಕಾಫಿ ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಕೆಲಸದ ಮೇಲೆ ಮೂಡಿಗೆರೆಗೆ ಹೋದವರು ಕೊರಿಯರಿನವರಿಂದ ಅದನ್ನು ಇಸಿದುಕೊಂಡು, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬೈಕಿನಲ್ಲಿ ಬಂದರು. ಹೊಟ್ಟೆ ಚೌಕಾಕಾರವಾಗಿ ಕಾಣುತ್ತಿತ್ತು.

ಪೆಟ್ಟಿಗೆ ತೆರೆದರೆ ಒಳಗೆ ಟ್ಯಾಬು, ಒಂದು ವೈರು, ಸಿಮ್ ಹಾಕಲು ಒಂದು ಸಣ್ಣ ಸೂಜಿ. ಚಾರ್ಜರೇ ಇಲ್ಲ!

"ಈಗ ಯಾರೂ ಕೊಡಲ್ಲ ಅತ್ತಿಗೆ. ಮನೇಲಿರೋದನ್ನೇ ಹಾಕ್ಕೊಳ್ಳಿ" ಅಂದಳು ನಾದಿನಿ ಫೋನಿನಲ್ಲಿ.

ಹಂಡೆ ಮಾರಿ ಮುಚ್ಚಳ ಕೊಡದ ಹಾಗಾಯಿತಲ್ಲ ಅಂದುಕೊಂಡೆ. ಆದರೂ ವೈರಾದರೂ ಕೊಟ್ಟಿದ್ದಾರಲ್ಲ, ಅದು ದೊಡ್ಡ ಮನಸ್ಸು. ನಮ್ಮನೆಯವರ ಹಳೆಯ ಫೋನಿನ ಚಾರ್ಜರು ಕಪಾಟಿನಲ್ಲಿತ್ತು. ಅದನ್ನು ತೆಗೆದೆ.

ಹೊಸ ಸಾಮಾನು ಅಂದಮೇಲೆ ಪೂಜೆ ಮಾಡದೆ ಇರಲಾದೀತೇ? ದೇವರ ಮುಂದಿಟ್ಟು ಅರಿಶಿನ, ಕುಂಕುಮ, ಅಕ್ಷತೆ ಹಾಕಿದೆ. ಅತ್ತೆ ಕೂತಲ್ಲಿಂದಲೇ, "ಹಣೆಗೆ ಇಡೇ, ಹಣೆಗೆ" ಅಂದರು. ಟ್ಯಾಬಿನ ಹಣೆ ಯಾವುದು? ಮೇಲ್ಗಡೆ ನಡುವೆ ಒಂದು ಚುಕ್ಕೆ ಇತ್ತು, ಅದರ ಮೇಲೇ ಸರಿಯಾಗಿ ಒಂದು ಬೊಟ್ಟು ಇಟ್ಟೆ. ಎಣ್ಣೆ ಕುಂಕುಮ. ಆಮೇಲೆ ವಿಡಿಯೋ ಕಾಲ್ ಮಾಡಿದರೆ ನಾದಿನಿ ಎದೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ, ಅಮ್ಮ ಯಾಕೆ ಕೆಂಪಗಾಗಿದಾಳೆ? ಜ್ವರಾನಾ?"

"ಎಂತ ಜ್ವರ? ನಾನು ಗಟ್ಟಿ ಇದೀನಿ."

"ಅತ್ತಿಗೆ, ನೀವೂ ಕೆಂಪಗಿದೀರಿ! ಗೋಡೆನೂ ಕೆಂಪು!"

ನಮ್ಮನೆಯವರು ಬಂದು ನೋಡಿ, ತಲೆ ಚಚ್ಚಿಕೊಂಡು, ಪಂಚೆಯ ತುದಿಯಿಂದ ಬೊಟ್ಟು ಒರೆಸಿದರು. "ಕ್ಯಾಮೆರಾಕ್ಕೆ ಕುಂಕುಮ ಇಟ್ಟೋಳು ಈ ಜಿಲ್ಲೇಲಿ ನೀನೊಬ್ಳೇ ಇರ್ಬೇಕು ಮಾರಾಯ್ತಿ." ಇರಲಿ. ವೈರು ಚುಚ್ಚುವ ತೂತಿಗೆ ಇಟ್ಟಿರಲಿಲ್ಲವಲ್ಲ, ಅದೇ ಪುಣ್ಯ.

ಮೊದಲ ದಿನ ನಮ್ಮನೆಯವರು ನಡುಮನೆಯ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದರು. ರಾತ್ರಿ ಇಟ್ಟದ್ದು ಬೆಳಿಗ್ಗೆ ತುಂಬಿತ್ತು. ಇಷ್ಟು ಹೊತ್ತೇಕೆ ಅಂತ ನಾನು ಕೇಳಿದ್ದಕ್ಕೆ ನಾದಿನಿ ವಿವರಿಸಿದಳು. ಫೋನಿನ ಬ್ಯಾಟರಿ ಚೊಂಬಿದ್ದ ಹಾಗೆ, ಟ್ಯಾಬಿನದು ಹಂಡೆ. ಹಳೆಯ ಚಾರ್ಜರು ಅಂದರೆ ಲೋಟ. ಲೋಟದಲ್ಲಿ ಮೊಗೆದು ಹಂಡೆ ತುಂಬಿಸಬೇಕಲ್ಲ, ಅದಕ್ಕೇ ನಿಧಾನ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಇಷ್ಟು ವರ್ಷ ಹಂಡೆ ತುಂಬಿಸಿದ ಕೈಯಲ್ಲವೇ ಇದು!

ಆಮೇಲೆ ಆಷಾಢದ ಗಾಳಿ ಮಳೆ ಜೋರಾಯಿತು. ನಮ್ಮ ಕಡೆ ಆ ತಿಂಗಳಲ್ಲಿ ಮನುಷ್ಯರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬೂಸ್ಟು ಹಿಡಿಯುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಬೀರುವಿನಲ್ಲಿರುವ ರೇಷ್ಮೆ ಸೀರೆಗೆ. ಒಂದು ವರ್ಷ ನಮ್ಮನೆಯವರ ಕನ್ನಡಕದ ಪೆಟ್ಟಿಗೆಗೂ ಹಿಡಿದಿತ್ತು. ಅದಕ್ಕೇ ನಮ್ಮ ಬಚ್ಚಲಿನಲ್ಲಿ ಹಂಡೆ ಒಲೆಯ ಮೇಲ್ಗಡೆ ಒಂದು ಅಟ್ಟ ಇದೆ. ಬೆಂಕಿಯ ಬಿಸಿ ಹದವಾಗಿ ಮೇಲೇರಿ ಅಲ್ಲಿಟ್ಟದ್ದನ್ನೆಲ್ಲ ಬೆಚ್ಚಗೆ ಇಡುತ್ತದೆ. ಬೆಂಕಿಪೊಟ್ಟಣ, ಹಪ್ಪಳದ ಡಬ್ಬಿ, ಕರ್ಪೂರ, ಬತ್ತಿ, ಉಪ್ಪು, ಎಲ್ಲ ಅಲ್ಲೇ. ಬೆಲೆಯ ಸಾಮಾನು ಅಂದರೆ ಮಳೆಗಾಲದಲ್ಲಿ ಅಟ್ಟಕ್ಕೇ ಹೋಗಬೇಕು. ಇದು ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡದ ಪಾಠ.

ನಮ್ಮನೆಯವರು ಹೊರಡುವಾಗೊಮ್ಮೆ, "ಟ್ಯಾಬಿಗೆ ಥಂಡಿ ತಾಗದ ಹಾಗೆ ನೋಡ್ಕೋ" ಅಂದಿದ್ದರು. ನೋಡಿಕೊಂಡೆ. ಅತ್ತೆಯ ಹಳೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ, ಅದರೊಳಗೆ ಟ್ಯಾಬನ್ನು ಬಾಣಂತಿ ಮಗುವಿನ ಹಾಗೆ ಸುತ್ತಿ, ಅಟ್ಟದ ಮೇಲೆ ಹಪ್ಪಳದ ಡಬ್ಬಿಯ ಪಕ್ಕ ಮಲಗಿಸಿದೆ. ಬಚ್ಚಲಿನ ದೀಪದ ಪಕ್ಕದಲ್ಲೇ ಪ್ಲಗ್ಗಿತ್ತು. ವೈರು ಸರಿಯಾಗಿ ಎಟಕಿತು. ಎಲ್ಲ ದೇವರೇ ಹೊಂದಿಸಿಟ್ಟ ಹಾಗೆ ಇದೆಯಲ್ಲ ಅಂತ ಖುಷಿಪಟ್ಟೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಹಾಕಿದಷ್ಟೇ. ಸಂಜೆಗೆ ಒಂದೆರಡು ಏರಿದರೆ ಹೆಚ್ಚು. ಒಂದು ದಿನವಂತೂ ಚಾರ್ಜಿಗಿಟ್ಟದ್ದು ಕಡಿಮೆಯಾಗಿತ್ತು! ಹಂಡೆಗೆ ನೀರು ಹಾಕಿದಷ್ಟೂ ತಳ ಕಾಣುತ್ತದೆ ಅಂದರೆ ಯಾರಿಗೆ ಹೇಳುವುದು? ಪರದೆಯ ಮೇಲೆ ಥರ್ಮಾಮೀಟರಿನ ಸಣ್ಣ ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿದ್ದವು. ನಾನು ಹವಾಮಾನ ಅಂದುಕೊಂಡಿದ್ದೆ. ನಮ್ಮಲ್ಲಿ ಈ ಪರಿ ಥಂಡಿ ಇರುವಾಗ ಇದು ಸೆಕೆ ತೋರಿಸುತ್ತದಲ್ಲ ಅಂತ ಅನುಮಾನ ಬಂದರೂ, ಮೈಸೂರಿನಿಂದ ಬಂದದ್ದಲ್ಲವೇ, ಇನ್ನೂ ಅಲ್ಲಿನ ಹವೆಯನ್ನೇ ಹೇಳುತ್ತಿದೆ ಅಂತ ಸಮಾಧಾನ ಮಾಡಿಕೊಂಡೆ.

ನಮ್ಮನೆಯವರು, "ಈಗಿನ ಸಾಮಾನೇ ಹಂಗೆ, ಹೊಸದರಲ್ಲಿ ಮಾತ್ರ ಚೆಂದ" ಅಂದರು. ನನ್ನ ಕಡೆ ನೋಡಿ ಹೇಳಿದ್ದು ನನಗೆ ಇಷ್ಟವಾಗಲಿಲ್ಲ. ನಾದಿನಿ, "ನಿಧಾನ ಆಗುತ್ತೆ ಅತ್ತಿಗೆ, ತಾಳ್ಮೆ" ಅಂದಳು. ನಾನು ತಾಳ್ಮೆ ತಂದುಕೊಂಡು ದಿನಾ ಟ್ಯಾಬಿನ ಹೆಸರಲ್ಲಿ ಒಂದು ತುಪ್ಪದ ದೀಪ ಹಚ್ಚತೊಡಗಿದೆ. ಹೊರನಾಡಿನ ಅಮ್ಮನಿಗೆ ಅಕ್ಕಿ ಕೊಡುತ್ತೇನೆ ಅಂತಲೂ ಹರಕೆ ಹೊತ್ತೆ. ಅನ್ನ ಕೊಡುವ ತಾಯಿ, ಚಾರ್ಜು ಕೊಡುವುದಿಲ್ಲವೇ?

ಇತ್ತ ಅತ್ತೆಗೆ ಹೊಸ ಜೀವ ಬಂದಿತ್ತು. ಖಾಲಿ ಮಣೆಗೆ ಹಾಡಬಾರದಲ್ಲ, ಹಾಗಾಗಿ ಹಸೆ ಹಾಡಿನ ಅಭ್ಯಾಸ ಮಾಡುವಂತಿಲ್ಲ. ಬೇರೆ ಹಾಡುಗಳನ್ನೆಲ್ಲ ಹೇಳಿ ಗಂಟಲು ತಿದ್ದಿಕೊಳ್ಳುತ್ತಿದ್ದರು. ಬೆಳಿಗ್ಗೆ ಕಾಳುಮೆಣಸಿನ ಕಷಾಯ, ಸಂಜೆ ಜೇಷ್ಠಮಧು. ಮೊಸರು ಬಿಟ್ಟರು. ಮೊಸರನ್ನ ಇಲ್ಲದೆ ಊಟವೇ ಮುಗಿಯದ ಹೆಂಗಸು ಮೊಸರು ಬಿಟ್ಟದ್ದು ನೋಡಿ ನನಗೆ ಹೆದರಿಕೆಯಾಯಿತು. ಈ ಟ್ಯಾಬು ಕೈಕೊಟ್ಟರೆ ಇವರ ಮುಖವನ್ನು ಹೇಗೆ ನೋಡುವುದು?

"ಸೊಸೆ, ಅದಕ್ಕೆ ಎಷ್ಟಾಯ್ತೇ?" ದಿನಾ ಕೇಳುತ್ತಿದ್ದರು.

"ಏರ್ತಾ ಇದೆ ಅತ್ತೆ."

"ನಾನೂ ಏರ್ತಾ ಇದೀನಿ. ಇವತ್ತು ಮೇಲಿನ ಸ್ವರ ಸಿಕ್ತು."

ಸೋದರಮಾವ ಇಲ್ಲದೆ ಹುಡುಗಿಯನ್ನು ಹಸೆಗೆ ತರುವಂತಿಲ್ಲ. ನಮ್ಮನೆಯವರು ಮುಂಚಿತವಾಗಿಯೇ ಮೈಸೂರಿಗೆ ಹೊರಟರು. ಬಸ್ಸು ಹತ್ತುವಾಗಲೂ, "ಫುಲ್ ಮಾಡಿ ಇಟ್ಟಿರು, ಗೊತ್ತಾಯ್ತಾ?" ಅಂತ ಕಿಟಕಿಯಿಂದ ಕೂಗಿದರು. ಸಿಲಿಂಡರೋ ಏನೋ ಅಂದುಕೊಂಡಿರಬೇಕು ಬಸ್ಸಿನವರು.

ಮದುವೆಯ ಹಿಂದಿನ ದಿನ ಅತ್ತೆಗೆ ಎಣ್ಣೆ ಸ್ನಾನ. ಬೆಳಗ್ಗಿನಿಂದ ಹಂಡೆ ಒಲೆ ಧಗಧಗ. ಸ್ನಾನ ಮುಗಿಸಿ, ತಲೆಗೆ ಬಟ್ಟೆ ಸುತ್ತಿ ಅವರನ್ನು ಜಗಲಿಯಲ್ಲಿ ಕೂರಿಸಿ, ಅಟ್ಟದಿಂದ ಟ್ಯಾಬು ಇಳಿಸಿ ನೋಡುತ್ತೇನೆ, ಹತ್ತೊಂಬತ್ತು! ಹಿಂದಿನ ದಿನ ಇಪ್ಪತ್ತೆರಡಿತ್ತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಅಕ್ಕ ಬಂದರು. ಅವರ ಮನೆಯವರು ರಸ್ತೆ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದಾರೆ. ಅಕ್ಕ ಬರುವುದು ಕರಿಬೇವಿಗೆ, ಹೋಗುವುದು ಊರಿನ ಸುದ್ದಿಯೆಲ್ಲ ಮುಗಿದ ಮೇಲೆ.

"ಎಂತ ರೈಟ್ರಮ್ಮ, ಮದುವೆ ಮನೆಯವ್ರು ಸಪ್ಪೆ ಮುಖ ಮಾಡ್ಕೊಂಡಿದೀರಿ?"

ನಾನು ಅಳು ಬಂದವಳ ಹಾಗೆ ಟ್ಯಾಬು ತೋರಿಸಿದೆ. ಅತ್ತೆ ಕೈ ಚಾಚಿದರು. "ಇಲ್ಲಿ ಕೊಡೇ, ನಾನೂ ನೋಡ್ತೀನಿ." ಅಂಕಿ ಅವರಿಗೆ ಕಾಣುವುದಿಲ್ಲ. ತೊಡೆಯ ಮೇಲಿಟ್ಟುಕೊಂಡವರು ತಟ್ಟನೆ ಎತ್ತಿ ಕೆನ್ನೆಗೆ ಹಿಡಿದರು. ಆಮೇಲೆ ತಮ್ಮ ಹಣೆಗೆ. ಆಮೇಲೆ ನನ್ನ ಹಣೆ ಮುಟ್ಟಿ ನೋಡಿದರು.

"ಏ ಮಾರಾಯ್ತಿ, ಇದಕ್ಕೆ ಜ್ವರ ಕಣೇ!"

"ಅದು ಅಟ್ಟದ ಬಿಸಿ ಅತ್ತೆ. ಬೆಚ್ಚಗೆ ಇರ್ಲಿ ಅಂತ..."

"ಬೆಚ್ಚಗಾ? ಕೆಂಡ ಆಗಿದೆ! ಜ್ವರ ಬಂದ ಮಗು ಉಣ್ಣುತ್ತೇನೇ? ಬಾಯಿ ಹತ್ರ ತುತ್ತು ಹಿಡಿದ್ರೆ ಮುಖ ತಿರುಗಿಸುತ್ತೆ. ಇದೂ ಹಂಗೇ. ನೀನು ಉಣ್ಸ್ತಾ ಇದೀಯ, ಅದು ಉಣ್ತಾ ಇಲ್ಲ!"

ಪಕ್ಕದ ಮನೆಯ ಅಕ್ಕ ಪರದೆಯ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿದವರು ಬಾಯಿಗೆ ಸೆರಗು ಹಿಡಿದರು. ನಗು ತಡೆಯಲಾರದೆ ಕಂಬಕ್ಕೆ ಒರಗಿದರು. "ಯಾ ಅಲ್ಲಾ! ಬಿಸಿ ಜಾಸ್ತಿ ಆಗಿದೆ, ತಣ್ಣಗಾಗೋವರ್ಗೂ ಚಾರ್ಜ್ ನಿಲ್ಲಿಸಿದೀನಿ ಅಂತ ಬರ್ದಿದೆ ರೈಟ್ರಮ್ಮ! ಪಾಪ, ಅದು ದಿನಾ ಹೇಳ್ತಾನೇ ಇದೆ!"

"ನಾನು ಮೈಸೂರಿನ ಹವಾಮಾನ ಅಂದ್ಕೊಂಡಿದ್ದೆ ಅಕ್ಕ."

ಅಷ್ಟೇ. ಅಕ್ಕ ಜಗಲಿಯ ಮೇಲೆ ಕೂತೇಬಿಟ್ಟರು. ಅತ್ತೆ ಸೊಂಟ ಹಿಡಿದುಕೊಂಡು, "ನಗಿಸ್ಬೇಡ್ರೇ, ಮೂಳೆ ಬಿಚ್ಚಿಕೊಳ್ಳುತ್ತೆ" ಅನ್ನುತ್ತಾ ತಾವೇ ಎಲ್ಲರಿಗಿಂತ ಜಾಸ್ತಿ ನಕ್ಕರು. ನಾನೂ ನಕ್ಕೆ. ಇಷ್ಟು ದಿನ ಬೆಂಕಿಯ ಮೇಲಿಟ್ಟರೂ ಏನೂ ಆಗದೆ, ಬರೀ ಊಟ ಬಿಟ್ಟು ಮುನಿಸಿಕೊಂಡಿತ್ತಲ್ಲ, ಅದು ಹೊರನಾಡಿನ ಅಮ್ಮನೇ ಕಾಪಾಡಿದ್ದು. ಇಲ್ಲದಿದ್ದರೆ ಏನಾಗುತ್ತಿತ್ತೋ.

ಮುಂದಿನ ಪ್ರಶ್ನೆ ಜ್ವರ ಇಳಿಸುವುದು. ಹಣೆಗೆ ಒದ್ದೆ ಬಟ್ಟೆ ಹಾಕೋಣ ಅಂತ ಅತ್ತೆ ಹೇಳುತ್ತಿದ್ದಂತೆ ಅಕ್ಕ ಹಾರಿ ಬಂದು ಟ್ಯಾಬನ್ನು ಎತ್ತಿಕೊಂಡರು. ಕೊನೆಗೆ ಹಿಂದಿನ ಕೋಣೆಯ ಒರಳು ಕಲ್ಲು ನೆನಪಾಯಿತು. ಬೇಸಿಗೆಯಲ್ಲೂ ತಣ್ಣಗಿರುವ ಕಲ್ಲು. ಒಣ ಬಟ್ಟೆಯಿಂದ ಒರೆಸಿ ಅದರ ಮೇಲೆ ಟ್ಯಾಬನ್ನಿಟ್ಟು, ಉದ್ದ ವೈರಿನ ಬೋರ್ಡು ಎಳೆದು ಚಾರ್ಜಿಗೆ ಹಾಕಿದೆ. ಮೂವರೂ ಸುತ್ತ ನಿಂತು ನೋಡಿದೆವು. ಅತ್ತೆ ಕೋಲಿನ ಮೇಲೆ ಗದ್ದ ಊರಿದ್ದರು. ಸ್ವಲ್ಪ ಹೊತ್ತಿಗೆ ಥರ್ಮಾಮೀಟರು ಮಾಯವಾಯಿತು. ಇಪ್ಪತ್ತು. ಕಾಫಿ ಕುಡಿದು ಬಂದು ನೋಡಿದರೆ ಇಪ್ಪತ್ಮೂರು.

"ಉಣ್ತಾ ಇದೆ!" ಅಂತ ಅತ್ತೆ ಸಾರಿದರು.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಹಬ್ಬ. ಪ್ರತಿ ಅಂಕಿಗೂ ಪಕ್ಕದ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದೆ. ಅಕ್ಕ ಅವರ ಅಂಗಳದಿಂದ, "ಮಾಷಾ ಅಲ್ಲಾ!" ಅನ್ನುತ್ತಿದ್ದರು. ಲೋಟದಲ್ಲಿ ಮೊಗೆದರೂ ಹಂಡೆ ಏರುತ್ತಿತ್ತು. ಬೆಳಗಾಗುವ ಹೊತ್ತಿಗೆ ತುಂಬಿಯೇ ತುಂಬುತ್ತದೆ ಅಂತ ಧೈರ್ಯ ಬಂದು, ಸಂಜೆ ದೋಸೆ ಅಕ್ಕಿಯನ್ನು ಗ್ರೈಂಡರಿಗೆ ಹಾಕಿ ಸ್ವಿಚ್ಚು ಒತ್ತಿದೆ. ನಾಲ್ಕು ಸುತ್ತು ತಿರುಗಿತು. ಗಾಳಿ ಒಂದು ಸಲ ಬೀಸಿತು. ಕರೆಂಟು ಹೋಯಿತು.

ಅಂಥ ಗಾಳಿಗೆ ಹೋದ ಕರೆಂಟು ನಮ್ಮ ಕಡೆ ಬೇಗ ಬರುವುದಿಲ್ಲ. ಎಲ್ಲೋ ಕಾಫಿ ತೋಟದ ನೆರಳಿನ ಸಿಲ್ವರ್ ಮರ ಲೈನಿನ ಮೇಲೆ ಬಿದ್ದಿರುತ್ತದೆ, ಲೈನ್‌ಮನ್‌ಗಳು ಪಾಪ ಅದನ್ನು ಹುಡುಕಬೇಕು. ನಮ್ಮಲ್ಲಿ ಇನ್ವರ್ಟರೂ ಇಲ್ಲ. ಟ್ಯಾಬು ಮೂವತ್ತೆಂಟಕ್ಕೆ ನಿಂತಿತ್ತು. ಅದನ್ನು ಪೂರ್ತಿ ಆಫ್ ಮಾಡಿ ಒರಳ ಮೇಲೇ ಮಲಗಿಸಿದೆ. ಮೂವತ್ತೆಂಟಾದರೂ ಉಳಿಯಿತಲ್ಲ, ಹತ್ತೊಂಬತ್ತಕ್ಕೆ ನಿಂತಿದ್ದರೆ ಏನು ಮಾಡುತ್ತಿದ್ದೆ?

ಮದುವೆಯ ದಿನ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು, ಮುಡಿಗೆ ಡೇಲಿಯಾ ಇಟ್ಟುಕೊಂಡು ಜಗಲಿಯ ಕುರ್ಚಿಯಲ್ಲಿ ಕೂತರು. ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲಿಯೇ. ಕರೆಂಟು ಇನ್ನೂ ಇಲ್ಲ. ಹಸೆಯ ಹೊತ್ತಿಗೆ ಸರಿಯಾಗಿ ಟ್ಯಾಬು ಹಚ್ಚಿದೆ. ನಾದಿನಿಯ ಮುಖ ಬಂತು, ಆಮೇಲೆ ಛತ್ರದ ಮಾಡು ಬಂತು, ಆಮೇಲೆ ಯಾರದೋ ಮೊಣಕೈ. ಅವಳು ಫೋನು ಹಿಡಿದುಕೊಂಡೇ ಓಡಾಡುತ್ತಿದ್ದಳು.

"ಅಮ್ಮಾ, ಸ್ವಲ್ಪ ತಡ. ದಿಬ್ಬಣ ಈಗಷ್ಟೇ ಬಂತು!"

ಮದುವೆಯಲ್ಲಿ ಸ್ವಲ್ಪ ಅಂದರೆ ಎಷ್ಟು ಅಂತ ಎಲ್ಲರಿಗೂ ಗೊತ್ತು. "ಆಫ್ ಮಾಡಿ ಆಮೇಲೆ ಮಾಡೋಣ ಅತ್ತೆ" ಅಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಎಷ್ಟೋ ತಿಂಗಳ ಮೇಲೆ ನಂಟರ ಮುಖಗಳೆಲ್ಲ ಹುರಿಗಡಲೆಯಾಗದೆ ಪೂರ್ತಿ ಕಾಣುತ್ತಿದ್ದವು.

"ಆ ಹಸಿರು ಸೀರೆ ಯಾರೇ? ನನ್ನ ತಂಗೀನಾ? ಎಷ್ಟು ದಪ್ಪ ಆಗಿದಾಳೆ! ಏ, ಇಲ್ಲಿ ನೋಡೇ, ನಾನು ಕಣೇ!"

ಹಸಿರು ಸೀರೆಯವರು ಪರದೆಗೆ ಮುಖ ತಂದು, "ಅಕ್ಕಾ, ನೀನು ಟಿವಿಯಲ್ಲಿ ಬಂದಂಗೆ ಕಾಣ್ತೀಯಲ್ಲೇ!" ಅಂದರು. ನಮ್ಮನೆಯವರು ಜರಿ ಪೇಟದಲ್ಲಿ ಒಮ್ಮೆ ಹಾದುಹೋದರು. ನಾನು ಅಂಕಿಯನ್ನೇ ನೋಡುತ್ತಿದ್ದೆ. ಮೂವತ್ತು. ಇಪ್ಪತ್ನಾಲ್ಕು. ಬೆಳಕು ತಗ್ಗಿಸಿದರೆ ಅತ್ತೆ, "ಕತ್ತಲಾಯ್ತು, ಅಲ್ಲೂ ಕರೆಂಟ್ ಹೋಯ್ತಾ?" ಅನ್ನುತ್ತಾರೆ. ಮತ್ತೆ ಏರಿಸಿದೆ. ಹದಿನೈದಕ್ಕೆ ಇಳಿದಾಗ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ಅಕ್ಕನನ್ನು ಕೂಗಿದೆ.

"ಅಕ್ಕಾ, ನಿಮ್ಮಲ್ಲಿ ಎಂತಾದ್ರೂ ಉಪಾಯ ಇದ್ಯಾ?"

"ಜೀಪಲ್ಲಿ ಚಾರ್ಜ್ ಆಗುತ್ತೆ. ಆದ್ರೆ ನಮ್ಮವ್ರು ಘಾಟಿಯಲ್ಲಿ ಲಾರಿ ಕೆಟ್ಟಿದೆ ಅಂತ ಬೈಕಲ್ಲಿ ಹೋಗಿದಾರೆ. ಟ್ಯಾಬ್ ಇಲ್ಲಿಗೆ ತನ್ನಿ."

"ಟ್ಯಾಬ್ ತಂದ್ರೆ ಅತ್ತೆ ಅಲ್ಲೇ ಉಳೀತಾರಲ್ಲ!"

ಅಕ್ಕ ಒಂದು ಗಳಿಗೆ ಯೋಚಿಸಿದರು. "ಹಂಗಾದ್ರೆ ಜೀಪೇ ಬರ್ಲಿ."

ಅವರು ಜೀಪು ಓಡಿಸಿದ್ದನ್ನು ನಾನು ನೋಡಿದ್ದು ಗ್ಯಾರೇಜಿನ ಅಂಗಳದೊಳಗೆ ಮಾತ್ರ, ಹಿಂದೆ ಮುಂದೆ. ತಲೆಯ ಮೇಲಿನ ಶಾಲು ಬಿಗಿ ಮಾಡಿಕೊಂಡು, "ಬಿಸ್ಮಿಲ್ಲಾ" ಅಂತ ಹತ್ತಿದರು. ಜೀಪು ಗುರ್ರೆಂದು ರಸ್ತೆಗೆ ಬಂದು, ನಮ್ಮ ಗೇಟಿನೊಳಗೆ ಹಿಂದಕ್ಕೆ ತಿರುಗಿಕೊಂಡು ಬರತೊಡಗಿತು. ನಾನು ಮಳೆ ಹನಿಯಲ್ಲಿ ನಿಂತು ಎರಡೂ ಕೈ ಬೀಸಿ, "ಬನ್ನಿ ಬನ್ನಿ, ಎಡಕ್ಕೆ, ಅಯ್ಯೋ ಆ ಎಡಕ್ಕಲ್ಲ" ಅನ್ನುತ್ತಿದ್ದೆ. ನನ್ನ ಡೇಲಿಯಾ ಕುಂಡವೊಂದು ಉರುಳಿತು. ಬಟ್ಟೆ ಒಣಗಿಸುವ ಹಗ್ಗ ಹರಿದು ನಮ್ಮನೆಯವರ ಬನಿಯನ್ನು ಜೀಪಿನ ಹಿಂಭಾಗಕ್ಕೆ ಸಿಕ್ಕಿಕೊಂಡಿತು. ತುಳಸಿ ಕಟ್ಟೆಗೆ ಒಂದು ಗೇಣು ಇರುವಾಗ ಜೀಪು ನಿಂತಿತು. ಆ ಒಂದು ಗೇಣಿಗೆ ನಾನು ಈಗಲೂ ದಿನಾ ಕೈ ಮುಗಿಯುತ್ತೇನೆ.

ಪರದೆಯಲ್ಲಿ ನಾದಿನಿ ಕಿರುಚುತ್ತಿದ್ದಳು. "ಅಮ್ಮಾ, ಅದೇನು ಸದ್ದು? ಮನೆ ಬಿತ್ತಾ?"

"ಜೀಪ್ ಬಂತೇ" ಅಂದರು ಅತ್ತೆ, ಏನೂ ಆಗದವರ ಹಾಗೆ.

ಜೀಪಿನ ಮುಂದುಗಡೆ ಸಿಗರೇಟು ಹಚ್ಚುವ ತೂತಿಗೆ ಜೀಪಿನಲ್ಲೇ ಇದ್ದ ಚಾರ್ಜರು ಚುಚ್ಚಿದರೆ ವೈರು ಜಗಲಿಯವರೆಗೆ ಬರಲಿಲ್ಲ. ಅತ್ತೆಯ ಕುರ್ಚಿಯನ್ನು ಅವರ ಸಮೇತ ನಾವಿಬ್ಬರೂ ಎತ್ತಿ ಜಗಲಿಯ ತುದಿಗೆ, ತಗಡಿನ ಮಾಡಿನ ಕೆಳಗೆ ಇಟ್ಟೆವು. ನಾನು ಡ್ರೈವರ್ ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಹೊರಗೆ ಚಾಚಿ ಟ್ಯಾಬನ್ನು ಅವರ ಮುಖಕ್ಕೆ ನೇರ ಹಿಡಿದೆ. ಅಕ್ಕ ಅದರ ಮೇಲೆ ಕೊಡೆ ಹಿಡಿದರು. ಆರು ಅಂತ ತೋರಿಸುತ್ತಿದ್ದ ಅಂಕಿಯ ಪಕ್ಕದಲ್ಲಿ ಸಣ್ಣ ಮಿಂಚಿನ ಗೆರೆ ಮೂಡಿತು. ಏರುತ್ತಿರಲಿಲ್ಲ. ಆದರೆ ಇಳಿಯುವುದು ನಿಂತಿತ್ತು. ನನಗೆ ಅಷ್ಟು ಸಾಕಾಗಿತ್ತು. ಏರಬೇಕು ಅಂತ ನಾನೆಲ್ಲಿ ಕೇಳಿದ್ದೆ?

"ಹುಡುಗಿ ಬಂದ್ಲು!" ಅಂದಳು ನಾದಿನಿ.

ಸೋದರಮಾವ ಕೈ ಹಿಡಿದು ಕರೆತಂದ ಮೊಮ್ಮಗಳು ಹಸೆಯ ಮುಂದೆ ನಿಂತಳು. ಬಾಸಿಂಗದ ಕೆಳಗೆ ಅವಳ ಕಣ್ಣು ಯಾರನ್ನೋ ಹುಡುಕುತ್ತಿತ್ತು. ನಾದಿನಿ ಫೋನನ್ನು ಅವಳ ಮುಂದೆ ಹಿಡಿದಳು. ಅಕ್ಕ ಕೈ ಹಾಕಿ ಜೀಪಿನ ಎಂಜಿನ್ ಆಫ್ ಮಾಡಿದರು. ಮಿಂಚಿನ ಗೆರೆ ಹೋಗಲಿಲ್ಲ. ತಗಡಿನ ಮೇಲೆ ಹನಿ ಬೀಳುವ ಸದ್ದು ಬಿಟ್ಟರೆ ಎಲ್ಲ ನಿಶ್ಶಬ್ದ.

ಅತ್ತೆ ಕೋಲನ್ನು ಪಕ್ಕಕ್ಕಿಟ್ಟು ಹಾಡಿದರು.

ಆ ಹಾಡನ್ನು ನಾನು ಇಲ್ಲಿ ಬರೆಯುವುದಿಲ್ಲ. ಹುಡುಗಿ ಎದುರಿಗಿಲ್ಲ, ಮಣೆ ಖಾಲಿ. ಆದರೆ ಅಲ್ಲಿ ಯಾರೋ ಪುಣ್ಯಾತ್ಮರು ನಾದಿನಿಯ ಫೋನಿಗೆ ಮೈಕು ಹಿಡಿದರು ಅಂತ ಮಾತ್ರ ಹೇಳಬಲ್ಲೆ. ಅತ್ತೆ ಇಲ್ಲಿ ಒಂದು ಸಾಲು ಹೇಳಿದರೆ, ಒಂದು ಕ್ಷಣ ಬಿಟ್ಟು ಅದೇ ಸಾಲು ಛತ್ರದ ತುಂಬ ತಿರುಗಿ ನಮ್ಮ ಕಡೆಗೇ ವಾಪಸ್ಸು ಬರುತ್ತಿತ್ತು. ಅವರಿಗೆ ಅವರದೇ ದನಿ ಜೊತೆ ಹಾಡುತ್ತಿತ್ತು. ಎರಡನೆಯ ಸಾಲಿಗೆ ಸ್ವಲ್ಪ ತಡವರಿಸಿದರು. ಆಮೇಲೆ ಹಿಂದಿನಿಂದ ಅವರ ಅತ್ತೆಯೇ ದನಿಗೂಡಿಸುತ್ತಿದ್ದಾರೆ ಅಂತ ಅನ್ನಿಸಿತಂತೆ, ಮದುವೆ ಮುಗಿದ ಮೇಲೆ ಹೇಳಿದರು. ಮೇಲಿನ ಸ್ವರವೂ ಸಿಕ್ಕಿತು. ನನ್ನ ಕೈ ನೋಯುತ್ತಿತ್ತು, ಅಲುಗಾಡಿಸಲಿಲ್ಲ. ಕೊನೆಯ ಸಾಲು ಮುಗಿಯುವಾಗ ಹುಡುಗಿ ಮೆಲ್ಲಗೆ ಮೊಣಕಾಲು ಮಡಚಿ ಮಣೆಯ ಮೇಲೆ ಕೂತಳು.

"ಅಜ್ಜೀ, ಕೇಳ್ತು!" ಅಂದಳು. ಮದುಮಗಳು ಹಾಗೆ ಬಾಯಿ ಬಿಡಬಾರದು ಅಂತ ಯಾರೋ ಹಿಂದಿನಿಂದ ಗದರಿದರು. ಛತ್ರದವರೆಲ್ಲ ನಕ್ಕರು. ಜಗಲಿಯಲ್ಲಿ ಅತ್ತೆಯೂ ನಕ್ಕರು. ಕೊಡೆ ಹಿಡಿದ ಅಕ್ಕ ಮಾತ್ರ ಮೂಗು ಒರೆಸಿಕೊಂಡು, "ಮಳೆ ಹನಿ ಬಿತ್ತು" ಅಂದರು.

ಅಲ್ಲಿ ಗಟ್ಟಿಮೇಳ ಶುರುವಾಗುವ ಹೊತ್ತಿಗೆ ಪರದೆ ಕಪ್ಪಾಯಿತು. ಜೀಪಿನ ಹಳೆಯ ಬ್ಯಾಟರಿ ಸೋತಿತ್ತು, ಟ್ಯಾಬಿನ ಆರೂ ಮುಗಿದಿತ್ತು. ನಾನು ಗಾಬರಿಯಾದೆ. ಅತ್ತೆ ಕೈ ಬೀಸಿದರು.

"ಬಿಡೇ. ನಂದು ಮುಗೀತು, ಅದರದ್ದೂ ಮುಗೀತು. ಪಾಪ, ಅದನ್ನ ಕಲ್ಲಿನ ಮೇಲೆ ಮಲಗ್ಸು. ಶಾಲು ಹೊದೆಸಬೇಡ. ನಂಗೆ ಒಂದು ಬಟ್ಟಲು ಮೊಸರು ತಾ."

"ರೈಟ್ರಮ್ಮ, ಈ ಜೀಪು ಈಗ ಸ್ಟಾರ್ಟ್ ಆಗಲ್ಲ. ನಮ್ಮವ್ರು ಬಂದು ಕೇಳಿದ್ರೆ ಎಂತ ಹೇಳ್ಲಿ?" ಅಂದರು ಅಕ್ಕ.

"ಮದುವೆಗೆ ಹೋಗಿತ್ತು ಅನ್ನು" ಅಂದರು ಅತ್ತೆ.

ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಅಡಿಗೆಮನೆಯೊಳಗಿಂದ ಗಡಗಡ ಗಡಗಡ ಅಂತ ಸದ್ದು ಬಂತು. ಅಕ್ಕ ಬೆಚ್ಚಿ ಕೊಡೆ ಕೈಬಿಟ್ಟರು. ಕರೆಂಟು ಬಂದಿತ್ತು! ನಿನ್ನೆ ಸಂಜೆ ಸ್ವಿಚ್ಚು ತೆಗೆಯಲು ಮರೆತಿದ್ದ ಗ್ರೈಂಡರು ತಾನಾಗಿ ತಿರುಗುತ್ತಿತ್ತು. ಈ ಥಂಡಿಗೆ ಅಕ್ಕಿ ಹುಳಿ ಬಂದಿರಲಿಲ್ಲ, ಅದೂ ಒಂದು ಪುಣ್ಯ. ಟ್ಯಾಬನ್ನು ಒರಳ ಮೇಲಿಟ್ಟು ವೈರು ಚುಚ್ಚಿ, ಅತ್ತೆಗೆ ಮೊಸರು ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಹೋಗಿ ಗ್ರೈಂಡರಿಗೆ ಅರ್ಧ ಲೋಟ ನೀರು ಹಾಕಿದೆ. ಅಂಚಿಗೆ ಅಂಟಿದ ಅಕ್ಕಿಯನ್ನು ಬೆರಳಿನಿಂದ ಒಳಗೆ ತಳ್ಳುತ್ತಾ, ಉದ್ದು ಬೇರೆ ನೆನೆಸಬೇಕಿತ್ತಲ್ಲ ಅಂತ ಡಬ್ಬಿ ಹುಡುಕತೊಡಗಿದೆ.